ಮೂರನೆಯ ಸಂಜೆಯ ಬಿಳಾಮ

ಬೆಳಿಗ್ಗೆ ಎದ್ದಾಗಿನಿಂದ ದುಭಾಷಿಗೆ ಬಾಯೊಳಗಿನ ನಾಲಿಗೆ ತನ್ನದಲ್ಲವೇನೋ ಅನ್ನಿಸುತ್ತಿತ್ತು. ಹಲ್ಲುಜ್ಜುವಾಗ ಅಡ್ಡ ಬಂತು, ಚಹಾ ಕುಡಿಯುವಾಗ ಸುಟ್ಟುಕೊಂಡಿತು. ಕೆಲಸಕ್ಕೆ ಹೊರಡುವ ಮುಂಚೆ ಕನ್ನಡಿಯೆದುರು ನಿಂತು ಎರಡೂ ಭಾಷೆಗಳಲ್ಲಿ ಒಂದೊಂದು ವಾಕ್ಯ ಗಟ್ಟಿಯಾಗಿ ಹೇಳಿ ಗಂಟಲು ಹದಮಾಡಿಕೊಳ್ಳುವುದು ಅವನ ಹಳೆಯ ಅಭ್ಯಾಸ. ಇವತ್ತು ಮೋಡವಿದೆ ಎಂದೋ, ರೈಲು ತಡ ಎಂದೋ, ಯಾರಿಗೂ ನೋವಾಗದ ಒಂದು ವಾಕ್ಯ. ಈಗ ಬಾಯಿ ತೆರೆದರೆ ಎರಡರಲ್ಲೂ ಒಂದೇ ಬಂತು: ‘ನಿಮಗೇನನ್ಸುತ್ತೆ ಸಾರ್?’ ಅವನು ಬಾಯಿ ಮುಚ್ಚಿಕೊಂಡು ಅಂಗಿಯ ಗುಂಡಿ ಹಾಕಿಕೊಂಡ. ಜ್ವರ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಗಡಿಯಾಚೆಯಿಂದ ದುಡಿಯಲು ಬಂದ ಜನರ ಭಾಷೆ ಇಡೀ ಊರಿನಲ್ಲಿ ಬರುವುದು ಅವನೊಬ್ಬನಿಗೆ. ಅವನು ಹೋಗದಿದ್ದರೆ ವಿಚಾರಣೆ ನಡೆಯದು, ನಡೆಯದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಕೇಳಿಸಿಕೊಳ್ಳುವುದಕ್ಕಿಂತ ಹೋಗಿಬರುವುದು ಸುಲಭ ಎಂದು ಲೆಕ್ಕ ಹಾಕಿದ. ಹೇಡಿಗಳ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ವಿಚಾರಣೆ ಬಟ್ಟೆ ಒಗೆಯುವ ಕಂಪನಿಯದು. ಆಸ್ಪತ್ರೆಗಳ, ಹೋಟೆಲುಗಳ ಚಾದರ, ದಿಂಬಿನ ಚೀಲ, ಟವೆಲುಗಳನ್ನು ರಾಶಿರಾಶಿಯಾಗಿ ತಂದು ಹಬೆಯಲ್ಲಿ ಬೇಯಿಸಿ, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಕಾರ್ಖಾನೆ ಅದು. ಹಿಂದಿನ ವರ್ಷ ಅಲ್ಲಿ ಮುಷ್ಕರವಾಗಿತ್ತು, ಮುರಿದುಬಿತ್ತು, ಮುಂದೆ ನಿಂತು ಮಾತಾಡಿದ ಹೆಂಗಸನ್ನು ಕೆಲಸದಿಂದ ತೆಗೆದರು. ಚಾದರ ಮಡಿಸುವ ಆ ಹೆಂಗಸನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದು. ತೆಗೆದದ್ದು ಸರಿ ಎಂದು ಇವತ್ತು ತೀರ್ಮಾನವಾದರೆ ಅವಳನ್ನು ಗಡಿ ದಾಟಿಸಿಬಿಡುತ್ತಾರೆ. ಗಡಿಯಾಚೆ ಅವಳಿಗೆ ಈಗ ಮನೆಯೂ ಇಲ್ಲ, ಮಠವೂ ಇಲ್ಲ.

“ಇವತ್ತು ಹೋಗ್ಬೇಡಿ” ಎಂದು ಹೆಂಡತಿ ಮೊದಲು ಹೇಳಿದ್ದು ಬಚ್ಚಲ ಬಾಗಿಲಲ್ಲಿ. ಅವನು ಕೇಳಿಸದವನ ಹಾಗೆ ಮುಖ ಒರೆಸಿಕೊಂಡ. ಎರಡನೆಯ ಸಲ ತಿಂಡಿಯ ತಟ್ಟೆ ಇಡುತ್ತ ಹೇಳಿದಳು. “ಬೇರೆ ಯಾರಾದ್ರೂ ಇಲ್ವಾ?” “ಇದ್ದಿದ್ರೆ ನನ್ನ ಯಾಕೆ ಕರೀತಿದ್ರು?” ಎಂದ. ಮೂರನೆಯ ಸಲ ಅವಳು ಹೇಳಲಿಲ್ಲ, ಹೊರಬಾಗಿಲಲ್ಲಿ ಅಡ್ಡ ನಿಂತಳು. ಅವಳನ್ನು ಸರಿಸಿ ನುಸುಳುವಾಗ ಅವನ ಮೊಣಕಾಲು ಚೌಕಟ್ಟಿಗೆ ಬಡಿದು ಕಣ್ಣಲ್ಲಿ ನೀರು ಬಂತು, ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ನನ್ನ ಕೆಲಸ ಏನು, ಅದರ ಮರ್ಯಾದೆ ಏನು ಅಂತ ನಿನಗೆ ತಿಳಿದಿದ್ರೆ ಅಲ್ವಾ?”

“ಕತ್ತೆ ಅಂತಾನೇ ಇಟ್ಕೊಳ್ಳಿ” ಎಂದಳು ಅವಳು, ದನಿಯೇರಿಸದೆ. “ಇಷ್ಟು ವರ್ಷ ಇದೇ ಕತ್ತೆ ಮೇಲೆ ತಾನೇ ಸವಾರಿ ಮಾಡಿದ್ದು? ಒಂದು ದಿನಾನಾದ್ರೂ ನಿಮ್ಮನ್ನ ಬೀಳಿಸಿದೀನಾ?”

ಅವನು ಚಪ್ಪಲಿ ಮೆಟ್ಟಿಕೊಂಡ. ಕುಂಟುತ್ತ ಮೆಟ್ಟಿಲಿಳಿದು ಹೋಗಿ ಬಸ್ಸು ಹತ್ತಿದ. ಸೀಟು ಸಿಕ್ಕಿತು. ಪಕ್ಕದ ಹೆಂಗಸು ಫೋನಿನಲ್ಲಿ ಮಗನನ್ನು ಬಾಯಿತುಂಬ ಬಯ್ಯುತ್ತಿದ್ದಳು. ಆ ಬೈಗುಳ ಅವನ ತಲೆಯೊಳಗೆ ತಾನೇತಾನಾಗಿ ಇನ್ನೊಂದು ಭಾಷೆಗೆ ಮಗುಚಿಕೊಳ್ಳುತ್ತಿತ್ತು, ಯಾರೂ ಕೇಳದಿದ್ದರೂ. ಹೆಂಡತಿಯ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಬರೀ ಕೇಳಿದ್ದಲ್ಲ, ಆಡಿದ್ದೇನೆ, ಈ ಬಾಯಿಂದಲೇ, ತುಂಬಿದ ಸಭೆಯಲ್ಲಿ. ಮೂರನೆಯ ನಿಲ್ದಾಣ ದಾಟುವಾಗ ಅದು ಸಿಕ್ಕಿತು. ಪ್ರಾರ್ಥನಾ ಮಂದಿರ. ಆಗ ಅವನಿನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಗಡಿಯಾಚೆಯ ಒಬ್ಬ ಮುದುಕಿಯ ಮನೆಯಲ್ಲಿ ಬಾಡಿಗೆಗಿದ್ದ, ಅವಳ ಭಾಷೆಯನ್ನು ಅವಳ ಬಾಯಿಂದಲೇ ಕಲಿತಿದ್ದ. ಪರದೇಶದಿಂದ ಬಂದು ಈ ಊರಿನ ಭಾಷೆ ಕಲಿತಿದ್ದ ಒಬ್ಬ ಹಲ್ಲುಬಿದ್ದ ಬೋಧಕನ ಮಾತನ್ನು ಆ ಜನಕ್ಕೆ ಅವರ ಭಾಷೆಯಲ್ಲಿ ಹೇಳುವುದಕ್ಕೆ ಅವನನ್ನು ಹಿಡಿದು ನಿಲ್ಲಿಸಿದ್ದರು. ಮೂರು ಸಂಜೆಯ ಬೋಧನೆ. ಹೀಬ್ರೂ ಜನರ ಹಳೆಯ ಗ್ರಂಥದಲ್ಲಿ ಬರುವ ಬಿಳಾಮನೆಂಬ ಪರಕೀಯ ಪ್ರವಾದಿಯ ಕಥೆ.

ಮೊದಲ ಸಂಜೆಯದು ಕತ್ತೆಯ ಕಥೆ, ಎಲ್ಲರೂ ನಕ್ಕಿದ್ದರು. ಒಂದು ಅಲೆಮಾರಿ ಜನ ಬಂದು ಗಡಿಯಲ್ಲಿ ಬೀಡುಬಿಟ್ಟಿದೆ. ಅರಸನಿಗೆ ಎದೆ ನಡುಗುತ್ತದೆ. ಬಿಳಾಮ ಹರಸಿದರೆ ಹರಕೆ, ಶಪಿಸಿದರೆ ಶಾಪ ಎಂದು ಕೇಳಿ ದೂರದಿಂದ ಅವನನ್ನು ಕರೆಸುತ್ತಾನೆ. ಹೋಗಬೇಡ ಎಂದು ದೇವರು ಹೇಳಿದರೂ ಬಿಳಾಮನಿಗೆ ಹೋಗುವ ಚಪಲ. ದಾರಿಯಲ್ಲಿ ಕತ್ತಿ ಹಿರಿದು ನಿಂತ ದೂತ ಕತ್ತೆಗೆ ಕಾಣುತ್ತಾನೆ, ಪ್ರವಾದಿಗೆ ಕಾಣುವುದಿಲ್ಲ. ಅದು ಸರಿದಾಗ ಹೊಡೆಯುತ್ತಾನೆ, ಗೋಡೆಗೆ ಒತ್ತಿ ಅವನ ಕಾಲು ಜಜ್ಜಿದಾಗ ಹೊಡೆಯುತ್ತಾನೆ, ಕುಸಿದು ಕೂತಾಗ ಹೊಡೆಯುತ್ತಾನೆ. ಕೊನೆಗೆ ಕತ್ತೆ ಬಾಯಿಬಿಟ್ಟು ಕೇಳುತ್ತದೆ: ಇಷ್ಟು ಕಾಲ ನನ್ನ ಮೇಲೆ ಸವಾರಿ ಮಾಡಿದೆಯಲ್ಲ, ಒಮ್ಮೆಯಾದರೂ ಹೀಗೆ ಮಾಡಿದ್ದೆನಾ? ದುಭಾಷಿ ಬಸ್ಸಿನಲ್ಲಿ ತನ್ನ ಮೊಣಕಾಲು ಸವರಿಕೊಂಡ. ನಗು ಬರಬೇಕಿತ್ತು, ಬರಲಿಲ್ಲ.

ಎರಡನೆಯ ಸಂಜೆಯದೇ ಅವನ ಬಾಳನ್ನು ತಿದ್ದಿದ್ದು. ಅರಸ ಬಿಳಾಮನನ್ನು ಒಂದು ಬೆಟ್ಟಕ್ಕೆ ಹತ್ತಿಸಿ, ಅಗೋ ಅಲ್ಲಿ ಕಾಣುತ್ತಾರಲ್ಲ, ಶಪಿಸು ಎನ್ನುತ್ತಾನೆ. ಬಾಯಿ ತೆರೆದರೆ ಬರುವುದು ಹರಕೆ. ಇಲ್ಲಿಂದ ಆಗದಿದ್ದರೆ ಇನ್ನೊಂದು ಬೆಟ್ಟದಿಂದ ನೋಡು ಎನ್ನುತ್ತಾನೆ. ಮತ್ತೆ ಹರಕೆ. ಮೂರನೆಯ ಬೆಟ್ಟ, ಮತ್ತೆ ಹರಕೆ. ಅರಸ ಕೈಕೈ ಹಿಸುಕಿಕೊಳ್ಳುತ್ತಾನೆ. ನಾನೇನು ಮಾಡಲಿ, ನನ್ನ ಬಾಯಲ್ಲಿ ಇಟ್ಟದ್ದನ್ನಷ್ಟೇ ನಾನು ಆಡಬಲ್ಲೆ ಎನ್ನುತ್ತಾನೆ ಬಿಳಾಮ. ಆ ಮಾತನ್ನು ಎರಡನೆಯ ಭಾಷೆಯಲ್ಲಿ ಹೇಳುವಾಗ ಹುಡುಗನ ಮೈ ಜುಮ್ಮೆಂದಿತ್ತು. ಇದು ನನ್ನ ಕಸುಬು, ಇದೇ ನನ್ನ ವ್ರತ ಎಂದು ಅಲ್ಲೇ ನಿಂತಲ್ಲೇ ಅಂದುಕೊಂಡಿದ್ದ. ಅಲ್ಲಿಂದ ಈಚೆಗೆ ಒಂದಕ್ಷರ ಸೇರಿಸಿದವನಲ್ಲ, ಒಂದಕ್ಷರ ಕಳೆದವನಲ್ಲ. ಆಡಿದವನು ‘ನಾನು’ ಎಂದರೆ ಅವನೂ ‘ನಾನು’ ಎನ್ನುತ್ತಾನೆ. ಕಳ್ಳ ‘ನಾನು ಕದ್ದೆ’ ಎಂದರೆ ಅವನೂ ‘ನಾನು ಕದ್ದೆ’ ಎನ್ನುತ್ತಾನೆ. ಮೂರನೆಯ ಸಂಜೆ ಬೋಧಕ ಏನು ಹೇಳಿದ್ದ? ನೆನಪಿಗೆ ಬರಲಿಲ್ಲ. ಬಾಯಿಂದ ದಾಟಿಹೋದದ್ದು ಮನಸ್ಸಿನಲ್ಲಿ ಉಳಿಯುವುದಿಲ್ಲ, ದುಭಾಷಿಗಳಿಗೆಲ್ಲ ಇದೇ ಪಾಡು. ದೋಣಿಯಲ್ಲಿ ಎಷ್ಟು ಜನ ದಾಟಿದರೂ ದೋಣಿ ಊರು ಸೇರುವುದಿಲ್ಲ.

ಕಸುಬು ಕಸುಬೇ, ಸರಿ. ಆದರೆ ಅವಮಾನಗಳು ಅವನವೇ. ದುಭಾಷಿಯ ಕುರ್ಚಿ ಯಾವಾಗಲೂ ಅರ್ಧ ಅಡಿ ಹಿಂದೆ. ದೊಡ್ಡವರ ಊಟದಲ್ಲಿ ಅವನ ಬಾಯಿ ಮಾತಿಗೆ ಬೇಕಾದ್ದರಿಂದ ತಟ್ಟೆ ತಣ್ಣಗಾಗುತ್ತದೆ, ಎಲ್ಲರೂ ಏಳುವಾಗ ಅವನೂ ಏಳಬೇಕು. ಪತ್ರಿಕೆಯ ಚಿತ್ರದಲ್ಲಿ ಅವನ ಭುಜ ಮಾತ್ರ. ಎರಡು ಕಡೆಯವರೂ ಜಗಳವಾಡುವಾಗ ಅವನ ಮುಖ ನೋಡಿಯೇ ಬಯ್ಯುತ್ತಾರೆ, ರಾಜಿಯಾದಾಗ ಒಬ್ಬರ ಕೈ ಒಬ್ಬರು ಕುಲುಕಿಕೊಂಡು ಹೋಗುತ್ತಾರೆ. ಹೊಸದರಲ್ಲಿ ಒಬ್ಬ ಹಿರಿಯ ದುಭಾಷಿ ಅವನಿಗೆ ಹೇಳಿದ್ದ: “ನೋಡಪ್ಪ, ನಮಗೆ ಸ್ವಂತದ್ದು ಅಂತ ಇರೋದು ಕೆಮ್ಮು ಒಂದೇ.” ಆಗ ಅದು ತಮಾಷೆ. ಈಗೀಗ ಮನೆಯಲ್ಲೂ ಹೆಂಡತಿ ಏನಾದರೂ ಕೇಳಿದರೆ ಉತ್ತರ ಕೊಡುವ ಮುಂಚೆ ಇದು ಯಾರ ಮಾತು ಎಂದು ಒಂದು ಕ್ಷಣ ತಡೆಯುತ್ತಿದ್ದ.

ಆ ತಟ್ಟೆ, ಆ ಕುರ್ಚಿ, ಆ ಕೆಮ್ಮು ಎಲ್ಲ ಸೇರಿಯೇ ಹಿಂದಿನ ವರ್ಷ ತನ್ನಿಂದ ಆ ಮಾತು ಆಡಿಸಿದ್ದು ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ. ಮುಷ್ಕರದ ಮಾತುಕತೆಗೆ ಕಂಪನಿಯವರೇ ಕಾರು ಕಳಿಸಿ ಕರೆಸಿಕೊಂಡಿದ್ದರು. ಮ್ಯಾನೇಜರು ನೆರಿಗೆ ಬೀಳದ ಅಂಗಿಯ, ನೆರಿಗೆ ಬೀಳದ ಮುಖದ ಮನುಷ್ಯ; ಕೆಲಸದವರು ಅವನಿಗಿಟ್ಟ ಹೆಸರು ಇಸ್ತ್ರಿ. ಮೊದಲ ದಿನ ಕಚೇರಿಯಲ್ಲಿ ಮಾತು. ದೊಡ್ಡಕ್ಕ ಹೇಳಿದ್ದನ್ನು ಇವನು ಹೇಳಿದ: ಹಬೆಯ ಕೋಣೆಯಲ್ಲಿ ಗಾಳಿ ಬೇಕು, ಸುಟ್ಟ ಕೈಗೆ ರಜ ಬೇಕು, ಕೊಡುವವರೆಗೂ ನಾವು ಏಳೋದಿಲ್ಲ. ಇಸ್ತ್ರಿ ಪಕ್ಕಕ್ಕೆ ಬಾಗಿ ಮೆಲ್ಲಗೆ, “ಏಳೋದಿಲ್ಲ ಅಂದ್ರೆ ಬೆದರಿಕೆ ತಾನೇ ಸಾರ್? ಹಾಗಂತ ಹೇಳಿಬಿಡಿ, ಪೊಲೀಸರನ್ನ ಕರೆಸೋಣ” ಎಂದ. “ಅವರು ಹೇಳಿದ್ದು ಏಳೋದಿಲ್ಲ ಅಂತ” ಎಂದ ದುಭಾಷಿ. ಎರಡನೆಯ ದಿನ ಒಗೆಯುವ ಯಂತ್ರಗಳ ನಡುವೆ, ಗದ್ದಲದಲ್ಲಿ ಯಾವ ಮಾತಾದರೂ ಬೈಗುಳದ ಹಾಗೆ ಕೇಳಲಿ ಎಂದು ಇಸ್ತ್ರಿ ಮಾತಿಗೆ ಕೂರಿಸಿದ, ಅಲ್ಲೂ ಅದೇ. ಮೂರನೆಯ ದಿನ ಮಹಡಿಯ ಮೇಲೆ, ಕೆಳಗೆ ಅವರೆಲ್ಲ ಒಟ್ಟಿಗೆ ವಾಸವಿದ್ದ ಉದ್ದನೆಯ ಶೆಡ್ಡು ಕಾಣುವ ಕಡೆ ನಿಲ್ಲಿಸಿ, “ಅಷ್ಟು ಜನ ಒಟ್ಟಿಗಿದಾರೆ, ಭಯ ಆಗಲ್ವಾ ಸಾರ್?” ಎಂದ. ದುಭಾಷಿ ದೊಡ್ಡಕ್ಕ ಆಡಿದ್ದನ್ನೇ ಆಡಿದ, ಅವಳಿಗಿಂತ ಚೆನ್ನಾಗಿ ಆಡಿದ. ಶೆಡ್ಡಿನ ಜನ ಅವನಿಗಾಗಿ ದಾರಿ ಬಿಟ್ಟು ನಿಂತರು. ಬೆಟ್ಟದ ಮೇಲಿನ ಬಿಳಾಮ ನಾನೇ ಎಂದು ಎದೆಯುಬ್ಬಿಸಿಕೊಂಡು ಮೆಟ್ಟಿಲಿಳಿದ.

ಇಳಿದವನನ್ನು ಇಸ್ತ್ರಿ ತನ್ನ ಕೋಣೆಗೆ ಕರೆದ. ಸೋತವನ ಮುಖವಿರಲಿಲ್ಲ. ತಾನೇ ಕುರ್ಚಿ ಎಳೆದು ಎದುರಿಗೆ ಹಾಕಿದ, ಹಿಂದೆ ಅಲ್ಲ, ಎದುರಿಗೆ. ಚಹಾ ಬಂತು, ಬಿಸಿಯಾಗಿತ್ತು, ಕುಡಿಯುವವರೆಗೂ ಯಾರೂ ಮಾತಾಡಿಸಲಿಲ್ಲ. “ಕೆಲಸ ಮುಗೀತಲ್ಲ ಸಾರ್, ಇದು ಸುಮ್ನೆ ಮಾತು. ಎಲ್ಲರ ಮಾತೂ ಆಡ್ತೀರಿ. ನಿಮ್ಮ ಮಾತು ಯಾರಾದ್ರೂ ಕೇಳಿದಾರಾ? ನಿಮಗೇನನ್ಸುತ್ತೆ ಸಾರ್?” ದುಭಾಷಿ ಕಪ್ಪು ಕೆಳಗಿಟ್ಟ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಅವನ ಮೂಲಕ ಎಷ್ಟೋ ಜನಕ್ಕೆ ಹೋಗಿತ್ತು, ಅವನಿಗೆ ಬಂದಿರಲಿಲ್ಲ. ಮೊದಲು ಒಂದು ಮಾತು, ಆಮೇಲೆ ಇನ್ನೊಂದು, ಆಮೇಲೆ ತಡೆಯಲಾಗಲಿಲ್ಲ. “ಬೆದರಿಸಿದ್ರೆ ಅವರು ಇನ್ನೂ ಗಟ್ಟಿಯಾಗ್ತಾರೆ. ನಾನು ಅವರ ಮನೇಲಿ ಬೆಳೆದೋನು, ನನಗೆ ಗೊತ್ತು. ಅವರಲ್ಲಿ ಜಗಳ ಒಂದು ಹೊತ್ತಿನ ಮೇಲೆ ಬದುಕಲ್ಲ. ಜಗಳ ಆಡಿದ ಇಬ್ಬರೂ ಒಬ್ಬರಿಗೊಬ್ಬರು ಬಡಿಸಬೇಕು, ಅಲ್ಲೀತನಕ ಮನೇಲಿ ಯಾರೂ ತುತ್ತು ಎತ್ತಲ್ಲ. ಶೆಡ್ಡಲ್ಲಿ ಒಂದೇ ಒಲೆ ಉರಿಯೋವರೆಗೂ ನೀವು ಅವರನ್ನ ಒಡೆಯೋಕಾಗಲ್ಲ.” ಇಸ್ತ್ರಿ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದ. “ಒಲೆ ಬೇರೆ ಆದ್ರೆ?” “ಆಮೇಲೇನು, ಅವರೂ ನಮ್ಮ ನಿಮ್ಮ ಹಾಗೇ” ಎಂದು ದುಭಾಷಿ ನಕ್ಕ. ತನ್ನ ನಗು ತನಗೇ ಎಷ್ಟು ಚೆನ್ನಾಗಿ ಕೇಳಿಸಿತು! ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡ, ಮ್ಯಾನೇಜರು ನನ್ನ ಅಭಿಪ್ರಾಯ ಕೇಳಿದರು ಎಂದು. ಏನು ಹೇಳಿದಿರಿ ಎಂದಳು. ಹೇಳಿದ. ಅವಳ ಕೈಯಲ್ಲಿದ್ದ ಸೌಟು ನಿಂತಿತು. “ಅಯ್ಯೋ, ಯಾಕ್ರೀ ಹೇಳಿದ್ರಿ?” “ಅದು ಕೆಲಸದ ಮಾತಲ್ಲ ಕಣೇ” ಎಂದಿದ್ದ. ಮಾತುಕತೆಯ ಹೊರಗೆ ಆಡಿದ ಮಾತು ಮಾತೇ ಅಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ. ಅವನ ಕಸುಬಿನವರು ಮಾತ್ರ ಹಾಗೆ ನಂಬಬಲ್ಲರು.

ಶಿಕ್ಷೆ ಬರುತ್ತದೆಂದು ಕಾದು ಕೂತಿದ್ದ ಶೆಡ್ಡಿಗೆ ಬಂದದ್ದು ಉಡುಗೊರೆ. ತಗಡಿನ ಅಡ್ಡಗೋಡೆ, ಕುಟುಂಬಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಒಂದು ಪುಟ್ಟ ಒಲೆ, ಮೂರು ಪಾತ್ರೆ. ಹೆಂಗಸರು ಸಂತೋಷಕ್ಕೆ ಅತ್ತರು. ಕಂಪನಿಗೆ ನಮ್ಮ ಕೃತಜ್ಞತೆ ತಿಳಿಸು ತಮ್ಮ ಎಂದು ದೊಡ್ಡಕ್ಕನೇ ಹೇಳಿದಳು, ಅವನೇ ತಿಳಿಸಿದ. ಆಮೇಲೆ ಒಂದು ದಿನ ಉಪ್ಪಿನ ಡಬ್ಬಿಗೆ ಇಬ್ಬರು ಜಗಳವಾಡಿದರು. ಬಡಿಸಿಕೊಳ್ಳುವುದಕ್ಕೆ ಒಟ್ಟಿಗೆ ಕೂರುವ ಜಾಗವಿರಲಿಲ್ಲ. ಜಗಳ ಮಾರನೆಯ ದಿನಕ್ಕೂ ಉಳಿಯಿತು. ಉಳಿದ ಜಗಳಕ್ಕೆ ಹೊಸದು ಸೇರಿತು. ಯಾರ ಕೋಣೆಗೆ ಕಂಪನಿಯವರು ಹೆಚ್ಚು ಅಕ್ಕಿ ಕೊಟ್ಟರು ಎಂದು ತಗಡಿಗೆ ಕಿವಿಯಿಟ್ಟು ಕೇಳತೊಡಗಿದರು. ಎಲ್ಲರಿಗಿಂತ ಮೊದಲು ಕೆಲಸಕ್ಕೆ ಮರಳಿದವಳು ದೊಡ್ಡಕ್ಕನ ಸ್ವಂತ ತಂಗಿ. ಚಾದರ ಮಡಿಸುವುದಕ್ಕೆ ಇಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಎದುರುಬದುರು ನಡೆದು ಬಂದು ಕೈಗೆ ಕೈ ಸೇರಿಸಬೇಕು. ಅಕ್ಕತಂಗಿಯರು ಬಾಳೆಲ್ಲ ಹಾಗೆ ನಡೆದು ಬಂದವರು. ತಂಗಿ ಈಗ ಬೇರೆ ಯಾರದೋ ಎದುರು ಚಾದರ ಹಿಡಿಯುತ್ತಾಳೆ, ದಾರಿಯಲ್ಲಿ ಅಕ್ಕ ಸಿಕ್ಕರೆ ಮುಖ ತಿರುಗಿಸುತ್ತಾಳೆ.

ವಿಚಾರಣೆಯ ಕಚೇರಿಯ ಮೊಗಸಾಲೆಯಲ್ಲಿ ದೊಡ್ಡಕ್ಕ ಬೆಂಚಿನ ತುದಿಗೆ ಕೂತಿದ್ದಳು. ಕುಳ್ಳಗಿನ ಮುದುಕಿ, ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಅವನನ್ನು ಕಂಡದ್ದೇ ಸರಿದು ಜಾಗ ಮಾಡಿದಳು.

“ಬಂದೆಯಾ ತಮ್ಮ? ನೀನೇ ಬರ್ತೀಯ ಅಂತ ಗೊತ್ತಾದ್ಮೇಲೇ ನನಗೆ ನಿದ್ದೆ ಬಂದಿದ್ದು.”

ಅವನು ಕೂರಲಿಲ್ಲ. ಕಾಲು ನೋಯುತ್ತಿದೆ, ಕೂತರೆ ಏಳುವುದು ಕಷ್ಟ ಎಂದ. ಅವಳು ದನಿ ತಗ್ಗಿಸಿದಳು. “ಒಂದು ಮಾತು ಹೇಳ್ತೀನಿ ಕೇಳು. ಒಲೆ ಬೇರೆ ಮಾಡಿದ್ರೆ ನಾವು ಒಡೀತೀವಿ ಅಂತ ಆ ಇಸ್ತ್ರಿಗೆ ತಾನಾಗೇ ಹೊಳೆಯೋ ವಿಷಯ ಅಲ್ಲ. ನಮ್ಮ ಒಳಗಿನದು ಬಲ್ಲೋರು ಯಾರೋ ಹೇಳ್ಕೊಟ್ಟಿದಾರೆ. ನನ್ನ ತಂಗಿಯೇನೋ ಅಂತ ಹೊಟ್ಟೆಯಲ್ಲಿ ಒಂದು ಸಂಕಟ. ಅಲ್ಲ ಅಂತ ಗೊತ್ತಾಗಿಬಿಟ್ರೆ ಸಾಕು ನನಗೆ. ಅವಳಲ್ಲ ಅಂತ ತಿಳಿದ್ರೆ, ಗಡಿ ದಾಟಿಸಿದ್ರೂ ದಾಟಿಸ್ಲಿ, ಹೋಗೋ ಮುಂಚೆ ಅವಳ ಕೈಯಿಂದ ಒಂದು ತುತ್ತು ಬಡಿಸ್ಕೊಂಡು ಹೋಗ್ತೀನಿ.” ದುಭಾಷಿ ಗೋಡೆಯ ಮೇಲಿನ ಗಡಿಯಾರ ನೋಡಿದ. ಅದು ನಿಂತಿತ್ತು, ಆದರೂ ನೋಡುತ್ತಲೇ ಇದ್ದ. ಒಳಗಿಂದ ಕರೆದರು.

ಅಧಿಕಾರಿ ಕನ್ನಡಕದ ಹೆಂಗಸು, ಬೇರೆ ಊರಿನಿಂದ ಹೊಸದಾಗಿ ಬಂದವಳು, ಶೀತಕ್ಕೆ ಏನೋ ಮಾತ್ರೆ ಚೀಪುತ್ತಿದ್ದಳು. ಅವಳಿಗೆ ದುಭಾಷಿ ಎಂದರೆ ಒಂದು ಸೌಕರ್ಯ, ತಲೆಯ ಮೇಲೆ ಫ್ಯಾನು ಇದ್ದ ಹಾಗೆ. ಒಮ್ಮೆಯೂ ಅವನ ಮುಖ ನೋಡಲಿಲ್ಲ. ಎದುರಿಗೆ ಇಸ್ತ್ರಿ. ಅರ್ಧ ಅಡಿ ಹಿಂದೆ ದುಭಾಷಿಯ ಕುರ್ಚಿ. “ನೋಡಮ್ಮ,” ಎಂದಳು ಅಧಿಕಾರಿ, “ಕೋಣೆ, ಒಲೆ ಕೊಟ್ಟದ್ದು ಅನುಕೂಲಕ್ಕೆ ಅಂತ ಕಂಪನಿ ಹೇಳುತ್ತೆ. ಮುಷ್ಕರ ಮುರಿಯೋಕೇ ಅಂತ ತಿಳಿದು ಮಾಡಿದ್ದು ಅಂತ ಖಚಿತವಾದ್ರೆ ನಿಮ್ಮನ್ನ ತೆಗೆದದ್ದು ನಿಲ್ಲಲ್ಲ, ನೀವು ಇಲ್ಲೇ ಇರಬಹುದು. ಅದಕ್ಕೆ ಏನು ಆಧಾರ ಇದೆ?” ದುಭಾಷಿ ಹೇಳಿದ. ದೊಡ್ಡಕ್ಕ ಮುಂದೆ ಬಾಗಿದಳು. ಅವಳ ಮಾತು ಅವನ ಬಾಯಲ್ಲಿ ಬಂತು: “ನಮ್ಮ ಪದ್ಧತಿ ಬಲ್ಲವರು ಯಾರೋ ಇವರಿಗೆ ಹೇಳಿಕೊಟ್ಟಿದ್ದಾರೆ. ಯಾರು ಅಂತ ಕೇಳಿ. ನನಗೆ ಅಷ್ಟು ಗೊತ್ತಾದರೆ ಸಾಕು.”

ಇಸ್ತ್ರಿ ಸ್ವಲ್ಪವೂ ಗಾಬರಿಯಾಗಲಿಲ್ಲ. ಅವನು ಈ ಪ್ರಶ್ನೆಗೆ ಸಿದ್ಧನಾಗಿ ಬಂದಂತಿತ್ತು. “ಮುಚ್ಚಿಡೋದೇನಿದೆ ಮೇಡಂ? ಮಾತುಕತೆಗೆ ಬಂದಿದ್ದ ದುಭಾಷಿಯವರು. ಇವರ ಪದ್ಧತಿ ಚೆನ್ನಾಗಿ ಬಲ್ಲ ಮರ್ಯಾದಸ್ಥರು. ಕೆಲಸ ಮುಗಿದ ಮೇಲೆ ಸುಮ್ನೆ ಮಾತಾಡ್ತಾ ಒಲೆ ವಿಷಯ ಬಂತು. ಬೇರೆ ಬೇರೆ ಕೊಟ್ರೆ ಅನುಕೂಲ ಆಗುತ್ತೆ ಅಂತ ನಮಗೆ ಅನ್ನಿಸ್ತು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು.” ಹೇಳಿ ಅವನು ಗೋಡೆಯ ಕಡೆ ನೋಡಿದ. ದುಭಾಷಿಯ ಕಡೆ ನೋಡದಿರುವ ಸೌಜನ್ಯ ಅವನಿಗಿತ್ತು.

ಈಗ ಅದನ್ನು ಆಕೆಯ ಭಾಷೆಯಲ್ಲಿ ಹೇಳಬೇಕು. ಕೋಣೆಯಲ್ಲಿ ಮಾತ್ರೆ ಚೀಪುವ ಸದ್ದು. ಒಂದು ಕ್ಷಣ ಅವನಿಗೆ ಯಾವ ಭಾಷೆಯೂ ಬಾರದ ಹಾಗಾಯಿತು, ಕೈಗೂಸಿನ ಹಾಗೆ. ಆಮೇಲೆ ನಾಲಿಗೆ ತನ್ನ ಪಾಡಿಗೆ ತಾನು ಎದ್ದು ಕೆಲಸಕ್ಕೆ ಹೋಯಿತು. “ಮಾತುಕತೆಗೆ ಬಂದಿದ್ದ ದುಭಾಷಿಯವರು” ಎಂದ. “ಇವರ ಪದ್ಧತಿ ಚೆನ್ನಾಗಿ ಬಲ್ಲ ಮರ್ಯಾದಸ್ಥರು” ಎಂದ. ಮರ್ಯಾದಸ್ಥರು ಎಂಬುದನ್ನೂ ಬಿಡಲಿಲ್ಲ. ಕೊನೆಯವರೆಗೂ ಹೇಳಿ ಮುಗಿಸಿದ, ದನಿ ನಡುಗಲಿಲ್ಲ. ದೊಡ್ಡಕ್ಕ ಅವನನ್ನೇ ನೋಡುತ್ತಿದ್ದಳು. ಮುಗಿಯಿತು, ತಿಳಿದುಹೋಯಿತು ಎಂದುಕೊಂಡ. ಭಯದ ಜೊತೆಗೇ ಎದೆಯಲ್ಲಿ ಏನೋ ಹಗುರಾಯಿತು. ಉಗಿಯಲಿ, ಚಪ್ಪಲಿ ತೆಗೆಯಲಿ, ಈಗಲೇ ಆಗಿಬಿಡಲಿ.

ಆಕೆಯ ಮುಖದಲ್ಲಿ ಮೂಡಿದ್ದು ಕನಿಕರ. ತಲೆಯಲ್ಲಾಡಿಸಿ ಅಧಿಕಾರಿಯ ಕಡೆ ತಿರುಗಿದಳು. ಇಂಥದ್ದನ್ನೂ ಅವನ ಬಾಯಿಂದಲೇ ಹೇಳಿಸಿದರಲ್ಲ ಎಂಬ ಸಂಕಟ ಅವಳ ದನಿಯಲ್ಲೇ ಇತ್ತು. ಗಡಗಡ ಮಾತಾಡಿದಳು, ನಿಲ್ಲಿಸಿದಳು, ಹೇಳು ಎಂದು ಅವನಿಗೆ ಗದ್ದ ಎತ್ತಿ ಸನ್ನೆ ಮಾಡಿದಳು.

ದುಭಾಷಿಗೂ ಒಂದು ಹಕ್ಕಿದೆ. ಕೈಯೆತ್ತಿ ‘ಇದು ದುಭಾಷಿಯ ಮಾತು’ ಎಂದು ಹೇಳಿದರೆ ಮುಂದಿನ ವಾಕ್ಯ ಅವನದಾಗುತ್ತದೆ. ದನಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಎನ್ನುವುದಕ್ಕೆ ಅವನು ಅದನ್ನು ಬಳಸಿದ್ದುಂಟು. ಈಗ ಎತ್ತಿದರೆ ಸಾಕು. ಆ ದುಭಾಷಿ ನಾನು. ನಾನು ಹೇಳಿದ್ದು ಅನುಕೂಲದ ಮಾತಲ್ಲ. ಒಂದೇ ಒಲೆ ಉರಿಯುವವರೆಗೂ ಇವರನ್ನು ಒಡೆಯಲಾಗದು ಎಂದೆ, ಬೇರೆಯಾದರೆ ಎಂದು ಈತ ಕೇಳಿದ, ನಾನು ನಕ್ಕೆ. ಅಷ್ಟು ಹೇಳಿದರೆ ಆಕೆ ಇಲ್ಲಿ ಉಳಿಯುತ್ತಾಳೆ; ತಂಗಿ ತಂಗಿಯಾಗಿ ಉಳಿಯುತ್ತಾಳೆ. ತಾನು ಮಾತ್ರ ಉಳಿಯುವುದಿಲ್ಲ. ಯಾವ ಕೋಣೆಗೂ ಇನ್ನು ಯಾರೂ ಕರೆಯುವುದಿಲ್ಲ. ತೊಡೆಯ ಮೇಲಿದ್ದ ಕೈಯನ್ನು ಅವನು ನೋಡಿದ. ಅದು ಬೇರೆ ಯಾರದೋ ಕೈಯ ಹಾಗೆ ಬಿದ್ದುಕೊಂಡಿತ್ತು. ಅದನ್ನು ನೋಡುತ್ತಿದ್ದಂತೆ ಮೂರನೆಯ ಸಂಜೆ, ಕರೆಯದೆ, ತಾನಾಗಿ ಬಂತು. ಹಲ್ಲಿಲ್ಲದ ಬೋಧಕ, ಸೆಕೆ, ತನಗೆ ಹಸಿವು, ಯಾವಾಗ ಮುಗಿಯುತ್ತದೋ ಎಂಬ ಬೇಸರ. ನೀವೆಲ್ಲ ಅವನು ಹರಸಿ ಮನೆಗೆ ಹೋದ ಅಂದುಕೊಂಡಿದ್ದೀರಿ ಎನ್ನುತ್ತಿದ್ದ ಬೋಧಕ. ಆದರೆ ಆಮೇಲೆ ನಡೆದ ಒಂದು ಯುದ್ಧದಲ್ಲಿ, ಶತ್ರುವಿನ ಪಾಳೆಯದಲ್ಲಿ ಸತ್ತು ಬಿದ್ದವರ ನಡುವೆ ಅವನ ಹೆಣ ಸಿಗುತ್ತದೆ. ಅಲ್ಲಿ ಅವನಿಗೇನು ಕೆಲಸ? ಶಪಿಸಲು ಬಾರದವನು ಆ ಜನವನ್ನು ಕೆಡವುವ ದಾರಿ ಹೇಳಿಕೊಟ್ಟಿದ್ದ. ಅವರನ್ನು ಬಯ್ಯಬೇಡಿ, ಔತಣಕ್ಕೆ ಕರೆಯಿರಿ; ನಿಮ್ಮ ಹೆಂಗಸರು, ನಿಮ್ಮ ದೇವರುಗಳ ಮುಂದೆ ಕರೆಯಿರಿ; ಮಿಕ್ಕದ್ದು ತಾನೇ ಆಗುತ್ತದೆ. ಬೆಟ್ಟದ ಮೇಲೆ ದೇವರ ಮಾತು, ಬೆಟ್ಟದ ಕೆಳಗೆ ಅವನ ಸ್ವಂತ ಮಾತು. ಹುಡುಗ ಇದನ್ನೆಲ್ಲ ಆ ಜನಕ್ಕೆ ಅವರ ಭಾಷೆಯಲ್ಲಿ ಅಚ್ಚುಕಟ್ಟಾಗಿ ಹೇಳಿದ್ದ. ಅವನ ಮುದುಕಿ ಮುಂದಿನ ಸಾಲಿನಲ್ಲಿ ಕೂತು, ಕೆಟ್ಟವನು, ಕೆಟ್ಟವನು ಎಂದು ತಲೆಯಾಡಿಸಿದ್ದಳು. ತನ್ನ ಹುಡುಗ ಎಷ್ಟು ಚೆನ್ನಾಗಿ ಹೇಳುತ್ತಾನೆ ಎಂದು ಪಕ್ಕದವರ ಕಡೆ ನೋಡಿದ್ದಳು.

“ಏನಂದ್ರು?” ಎಂದಳು ಅಧಿಕಾರಿ, ತಲೆಯೆತ್ತದೆ.

ದುಭಾಷಿ ಕೆಮ್ಮಿದ.

“ಸುಳ್ಳು ಅಮ್ಮ, ಶುದ್ಧ ಸುಳ್ಳು” ಎಂದ, ಆಕೆಯ ಮಾತನ್ನು, ಆಕೆಯ ಏರಿಳಿತದಲ್ಲೇ. “ಆ ದುಭಾಷಿ ಅಂಥವನಲ್ಲ. ಅವನು ನಮ್ಮ ಮನೆಯ ಮಗ. ಇವರು ಎಷ್ಟು ಒತ್ತಾಯ ಮಾಡಿದರೂ ನಮ್ಮ ಮಾತಿಗೆ ಒಂದಕ್ಷರ ಸೇರಿಸಿದವನಲ್ಲ, ಒಂದಕ್ಷರ ಕಳೆದವನಲ್ಲ. ಅವನಿಗೆ ಈ ಮಸಿ ಬಳಿಯಬೇಡಿ. ನನ್ನ ಕೆಲಸ ಹೋದರೂ ಚಿಂತೆಯಿಲ್ಲ, ಅವನ ಮೇಲೆ ಈ ಮಾತು ನಿಲ್ಲಬಾರದು.”

ಅಷ್ಟು ಚೆನ್ನಾಗಿ ಅವನು ಯಾವತ್ತೂ ಆಡಿರಲಿಲ್ಲ. ಅಧಿಕಾರಿ ಕೂಡ ಒಮ್ಮೆ ಕನ್ನಡಕ ತೆಗೆದು ದೊಡ್ಡಕ್ಕನನ್ನು ನೋಡಿದಳು. ಇಸ್ತ್ರಿ ಕರವಸ್ತ್ರದಿಂದ ತುಟಿ ಒತ್ತಿಕೊಂಡ. “ಹಾಗಾದ್ರೆ ದುಭಾಷಿ ಹೇಳಿಕೊಡಲಿಲ್ಲ ಅಂತ ಇವರೇ ಒಪ್ತಾರೆ. ಬೇರೆ ಯಾರು ಅನ್ನೋಕೆ ಆಧಾರ ಇದೆಯಾ?” ಎಂದಳು ಅಧಿಕಾರಿ. ದೊಡ್ಡಕ್ಕ ಗೊತ್ತಿಲ್ಲ ಎಂದು ಕೈ ತಿರುಗಿಸಿದಳು. ಕಂಪನಿ ತೆಗೆದದ್ದು ಸರಿ ಎಂದು ಅಧಿಕಾರಿ ಹೇಳಿದಳು, ಅದನ್ನೂ ಅವನೇ ಆಕೆಗೆ ತಿಳಿಸಿದ. ಕೇಳಿಸಿಕೊಂಡು ಅವಳು ಕುರ್ಚಿಯಿಂದ ಜಾರಿ ಇಳಿದಳು.

ಹೊರಗೆ ಮೊಗಸಾಲೆಯಲ್ಲಿ ಅವನು ಅವಳಿಗಿಂತ ಮುಂದೆ ನಡೆಯಲು ನೋಡಿದ. ಮೊಣಕಾಲು ಬಿಡಲಿಲ್ಲ. ಅವಳು ತೋಳು ಹಿಡಿದು ನಿಲ್ಲಿಸಿದಳು.

“ಆ ಇಸ್ತ್ರಿ ಹೇಳಿದ್ದರಲ್ಲಿ ಏನೂ ಬಿಟ್ಟಿಲ್ಲ ತಾನೆ ತಮ್ಮ?”

“ಒಂದಕ್ಷರಾನೂ ಬಿಟ್ಟಿಲ್ಲ ಅಕ್ಕ” ಎಂದ. ಅದು ನಿಜ.

“ಹಾಗಾದ್ರೆ ಅವಳೇ” ಎಂದಳು ದೊಡ್ಡಕ್ಕ. “ಅವಳನ್ನ ಮುಚ್ಚಿಡೋಕೆ ನಿನ್ನ ಮೇಲೆ ಹಾಕಿದ್ರು. ಇಷ್ಟು ದಿನ ಅನುಮಾನ ಇತ್ತು, ಇವತ್ತು ಬಗೆಹರೀತು. ಒಂದೇ ಹೊಟ್ಟೇಲಿ ಹುಟ್ಟಿದೋಳು. ಅವಳ ಒಲೆ ಆರಿಹೋಗ್ಲಿ. ಅವಳ ಮುಖ ನೋಡದೇನೇ ಹೋಗ್ತೀನಿ ನಾನು.” ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನ ಬಾಯಿ ತೆರೆದಿತ್ತು. ಈಗ ಇಲ್ಲಿ ಅಧಿಕಾರಿಯಿಲ್ಲ, ಕಸುಬಿಲ್ಲ, ಕುರ್ಚಿಯಿಲ್ಲ. ಇಬ್ಬರೇ ಇದ್ದರು, ಇಬ್ಬರಿಗೂ ಬರುವ ಭಾಷೆಯಿತ್ತು. “ನೀನು ನೊಂದ್ಕೋಬೇಡ ತಮ್ಮ” ಎಂದಳು ಅವಳು, ಅವನ ಮುಖ ನೋಡಿ. “ನಾನು ನಂಬಿಲ್ಲ. ಯಾರು ಬಂದು ಹೇಳಿದ್ರೂ ನಂಬಲ್ಲ. ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಹರಸಲು ಕೈಯೆತ್ತಿದಳು. ಕೈ ಅವನ ಎದೆಯವರೆಗಷ್ಟೇ ಬಂತು. ಅವಳಿಗೆ ಎಟಕಲೆಂದು ದುಭಾಷಿ ತಲೆ ತಗ್ಗಿಸಿಕೊಟ್ಟ.